ಬೇಚರಾಕ್ ಗ್ರಹ

ಥೂ ಎಂದು ಶುರು ಮಾಡಿದರೆ ಓದುವವರು ಮುಖ ಸಿಂಡರಿಸಬಹುದು. ಆದರೂ ಹಾಗೆಯೇ ಶುರು ಮಾಡುತ್ತೇನೆ. ಭೂಮಿ ಬಿಟ್ಟು ಬೇರೊಂದು ಗ್ರಹದ ಮೇಲೆ ನಾನು ಮೊದಲ ಸಲ ಇಳಿದಾಗ ನನ್ನ ಬಾಯಿಂದ ಬಂದ ಮೊದಲ ಮಾತು ಅದೇ. ಆ ಗ್ರಹ ಇದ್ದದ್ದು ಪಿರಿಯಾಪಟ್ಟಣದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ನನ್ನ ಭಾವನ ಟೀವಿ ರಿಪೇರಿ ಅಂಗಡಿಯ ಮೂಲೆಯಲ್ಲಿದ್ದ ಒಂದು ಪರದೆಯ ಮೇಲೆ.

ನಾನು ಹುಣಸೂರಿನವನು, ಪರವಾನಗಿ ಪಡೆದ ಸರ್ವೆಯರ್. ಅಣ್ಣತಮ್ಮಂದಿರು ಹೊಲ ಭಾಗ ಮಾಡಿಕೊಳ್ಳುವಾಗ, ಯಾರಾದರೂ ಜಮೀನು ಮಾರುವಾಗ, ಹೋಗಿ ಅಳೆದು ನಕ್ಷೆ ಬರೆದುಕೊಡುವುದು ನನ್ನ ಕೆಲಸ. ಇಪ್ಪತ್ತು ವರ್ಷದ ಮೇಲಾಯಿತು. ಕಟ್ಟೆಮಳಲವಾಡಿಯಿಂದ ಹಿಡಿದು ಎಚ್.ಡಿ. ಕೋಟೆಯ ಕಾಡಂಚಿನವರೆಗೆ ನಾನು ಅಳತೆಯ ಸರಪಳಿ ಎಳೆಯದ ದಿಕ್ಕಿಲ್ಲ. ಮಂಗಳವಾರ ಪಿರಿಯಾಪಟ್ಟಣದ ಕಡೆ ಕೆಲಸ ಇಟ್ಟುಕೊಳ್ಳುತ್ತೇನೆ. ಮಧ್ಯಾಹ್ನ ಅಕ್ಕನ ಮನೆಯಲ್ಲಿ ಊಟ. ಊಟವಾದ ಮೇಲೆ ಬಸ್ಸಿನ ಹೊತ್ತಿನವರೆಗೆ ಅಕ್ಕನ ಗಂಡನ ಅಂಗಡಿಯಲ್ಲಿ ಕೂತು ಅವರ ಬಾಯಿಗೆ ಸಿಕ್ಕಿಕೊಳ್ಳುವುದು.

ಭಾವ ಅರವತ್ತು ದಾಟಿದವರು. ದೊಡ್ಡ ಡಬ್ಬಿ ಟೀವಿಗಳ ಕಾಲದಲ್ಲಿ ಅವರ ಅಂಗಡಿಯ ಮುಂದೆ ಜನ ಕಾದು ನಿಂತಿರುತ್ತಿದ್ದರು. ಈಗ ಟೀವಿ ಕೆಟ್ಟರೆ ಹೊಸದು ತರುತ್ತಾರೆ. ಅಂಗಡಿಗೆ ಬರುವುದು ಮಿಕ್ಸಿ, ಇಸ್ತ್ರಿಪೆಟ್ಟಿಗೆ, ರಿಮೋಟು, ಅಷ್ಟೇ. ಗೋಡೆಯ ಒಂದು ಹಲಗೆಯ ತುಂಬ ರಿಪೇರಿಗೆ ಬಂದು ಮಾಲೀಕರು ತಿರುಗಿ ಬಾರದ ಸಾಮಾನುಗಳಿವೆ. ಅವುಗಳಲ್ಲಿ ಒಂದು ಕಪ್ಪು ಗೇಮ್ ಪೆಟ್ಟಿಗೆ. ಕುಶಾಲನಗರದ ಕಡೆಯವರೊಬ್ಬರು ತಂದುಕೊಟ್ಟು ಹೋಗಿದ್ದರು. ಭಾವ ಅದನ್ನು ಸರಿ ಮಾಡಿ ನಾಲ್ಕೈದು ಸಲ ಫೋನ್ ಮಾಡಿದ ಮೇಲೆ, ನಾನು ಹೊಸದು ತಗೊಂಡಿದ್ದೀನಿ, ಅದನ್ನು ನೀವೇ ಇಟ್ಟುಕೊಳ್ಳಿ ಎಂದರಂತೆ. ಪೆಟ್ಟಿಗೆಯೊಳಗೆ ಆಟಗಳು ತುಂಬಿದ್ದವು. ಆ ಪುಣ್ಯಾತ್ಮನಿಗೆ ಬಾಹ್ಯಾಕಾಶದ ಹುಚ್ಚು ಇದ್ದಿರಬೇಕು, ಮುಕ್ಕಾಲು ಪಾಲು ಅವೇ ಆಟಗಳು.

ನನಗೂ ಆ ಹುಚ್ಚು ಹಳೆಯದು. ಓದುವ ಕಾಲದಲ್ಲಿ ಹುಣಸೂರಿನ ಗ್ರಂಥಾಲಯದಲ್ಲಿದ್ದ ವಿಜ್ಞಾನ ಕಥೆಗಳನ್ನೆಲ್ಲ, ಕೊನೆಯ ಪುಟ ಹರಿದುಹೋದವನ್ನೂ ಬಿಡದೆ, ಓದಿದವನು ನಾನು. ಆ ಕಥೆಗಳಲ್ಲಿ ನನ್ನನ್ನು ಹಿಡಿದದ್ದು ರಾಕೆಟ್ಟೂ ಅಲ್ಲ, ಯುದ್ಧವೂ ಅಲ್ಲ. ನೌಕೆಯ ಬಾಗಿಲು ತೆಗೆದು ಮೆಟ್ಟಿಲಿಳಿಯುವ ಮನುಷ್ಯ ಕೊನೆಯ ಮೆಟ್ಟಿಲಲ್ಲಿ ಒಂದು ಗಳಿಗೆ ನಿಲ್ಲುತ್ತಾನಲ್ಲ, ಅದು. ಇದು ಯಾರ ಜಾಗವೋ, ನಾನು ಕಾಲಿಡಬಹುದೋ ಬಾರದೋ ಎನ್ನುವ ಅಳುಕು. ಬಾಹ್ಯಾಕಾಶದ ಕಥೆಯ ಜೀವ ಇರುವುದು ಆ ಮೆಟ್ಟಿಲಿನಲ್ಲಿ ಎಂದು ನಾನು ಇವತ್ತಿಗೂ ನಂಬಿದ್ದೇನೆ.

ಸರ್ವೆ ಕೆಲಸ ಹಿಡಿದದ್ದಕ್ಕೂ ಅರ್ಧ ಕಾರಣ ಅದೇ. ನಮ್ಮಲ್ಲಿ ಒಂದು ಪದ್ಧತಿ ಇದೆ. ಅಳತೆಗೆ ಮೊದಲು ಅಕ್ಕಪಕ್ಕದ ಹೊಲದವರಿಗೆಲ್ಲ ನೋಟಿಸು ಹೋಗಬೇಕು. ಅವರು ಬಂದು ಬದುವಿನ ಮೇಲೆ ನಿಲ್ಲಬೇಕು. ಆಮೇಲೆಯೇ ಸರಪಳಿ. ಎಲ್ಲ ಮುಗಿದ ಮೇಲೆ ಚೆಕ್ಕುಬಂದಿ ಬರೆಯುತ್ತೇವೆ, ಎಂದರೆ ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾರದು ಎಂದು ನಾಲ್ಕು ದಿಕ್ಕಿನ ಹೆಸರು. ಹೊಸ ನೆಲಕ್ಕೆ ಕಾಲಿಡುವವನಿಗೆ ಇರಬೇಕಾದ ಕನಿಷ್ಠ ಮರ್ಯಾದೆ ಇದು.

ಇಂಥ ನಾನು ಮೊದಲನೆಯ ಆಟದಲ್ಲಿ ಇಳಿದೆ. ಬಾಗಿಲು ತೆರೆದುಕೊಂಡಿತು. ಮೆಟ್ಟಿಲೇ ಇರಲಿಲ್ಲ. ನನ್ನ ಕೈಯಲ್ಲಿ ಆಗಲೇ ಒಂದು ಬಂದೂಕಿತ್ತು, ನಾನು ಕೇಳಿರಲಿಲ್ಲ. ಎದುರಿಗೆ ಆರು ಕಾಲಿನ ಪ್ರಾಣಿಯೊಂದು ಬಂತು, ಪಾಪ, ಯಾರು ಬಂದರೆಂದು ನೋಡಲು ಬಂದಿತ್ತೋ ಏನೋ. ಯಾವ ಗುಂಡಿ ಯಾವುದಕ್ಕೆ ಎಂದು ತಡಕಾಡುವಷ್ಟರಲ್ಲಿ ಅದರ ತಲೆ ಚೂರಾಗಿ ಹಸಿರು ರಕ್ತ ಪರದೆಗೆಲ್ಲ ಎರಚಿಕೊಂಡಿತು. ಮೂಲೆಯಲ್ಲಿ ನೂರು ಅಂಕ ಮೂಡಿತು.

"ಥೂ," ಎಂದೆ.

"ಯಾಕ್ಲಾ, ನೂರು ಬಂತಲ್ಲ," ಎಂದರು ಭಾವ, ಬಿಚ್ಚಿಟ್ಟ ಮಿಕ್ಸಿಯಿಂದ ತಲೆ ಎತ್ತದೆ.

"ಈಗ್ತಾನೆ ಊಟ ಮಾಡಿ ಕೂತಿದ್ದೀನಿ ಭಾವ. ಕೇಳ್ದೆ ಮಾಡ್ದೆ ಕೊಂದಂಗಾಯ್ತು."

"ಅಂಗಾರೆ ಮುಂದಿನ ಗ್ರಹಕ್ಕೆ ನೋಟಿಸ್ ಕೊಟ್ಟು ಓಗು."

ಎರಡನೆಯ ಆಟದಲ್ಲಿ ರಕ್ತವಿರಲಿಲ್ಲ. ಅಲ್ಲಿ ಒಂದು ನಕ್ಷತ್ರದಿಂದ ಸರಕು ತುಂಬಿಕೊಂಡು ಇನ್ನೊಂದು ನಕ್ಷತ್ರದಲ್ಲಿ ಇಳಿಸಬೇಕು. ಇಳಿಸಿದ ಮೇಲೆ ಮತ್ತೆ ತುಂಬಬೇಕು. ಕೆ.ಆರ್. ನಗರದಿಂದ ಅಕ್ಕಿ ಸಾಗಿಸುವ ಲಾರಿಯವರು ಮಾಡುವುದೂ ಅದನ್ನೇ. ಅವರಿಗಾದರೂ ದಾರಿಯಲ್ಲಿ ಟೀ ಸಿಗುತ್ತದೆ. ಮೂರನೆಯದರಲ್ಲಿ ಗಡ್ಡದ ನಾಯಕನೊಬ್ಬ ಮನುಷ್ಯಕುಲದ ಭವಿಷ್ಯದ ಬಗ್ಗೆ ಭಾಷಣ ಶುರು ಮಾಡಿದ. ಯಾವ ಗುಂಡಿ ಒತ್ತಿದರೂ ನಿಲ್ಲಿಸಲಿಲ್ಲ. ಭಾಷಣ ಕೇಳಲು ಬಾಹ್ಯಾಕಾಶಕ್ಕೆ ಯಾಕೆ ಹೋಗಬೇಕು, ಎಲೆಕ್ಷನ್ ಸಮಯದಲ್ಲಿ ಅಂಗಡಿ ಬಾಗಿಲಲ್ಲಿ ನಿಂತರೆ ಸಾಕು.

ಸುಳ್ಳು ಹೇಳಬಾರದು, ಅವುಗಳ ನಡುವೆ ಒಂದು ಒಳ್ಳೆಯ ಆಟವೂ ಇತ್ತು. ಪುಟ್ಟ ಆಟ. ಮರದ ಹಲಗೆ ಜೋಡಿಸಿದಂಥ ಒಂದು ಸಣ್ಣ ನೌಕೆ, ಐದಾರು ಗ್ರಹ. ಕೊಲ್ಲುವುದಿಲ್ಲ, ಗಳಿಸುವುದಿಲ್ಲ, ಅಂಕವಿಲ್ಲ. ನಮಗಿಂತ ಮೊದಲು ಅಲ್ಲಿ ಬದುಕಿ ಸತ್ತವರು ಗೋಡೆಯ ಮೇಲೆ ಬರೆದಿಟ್ಟದ್ದನ್ನು ಓದುತ್ತಾ ಅವರಿಗೆ ಏನಾಯಿತೆಂದು ತಿಳಿದುಕೊಳ್ಳುವುದು, ಅಷ್ಟೇ. ಅದರಲ್ಲಿ ನಾನು ಆ ಕೊನೆಯ ಮೆಟ್ಟಿಲಲ್ಲಿ ಎಷ್ಟೋ ಸಲ ನಿಂತಿದ್ದೇನೆ. ಆದರೆ ಎಲ್ಲ ಇಂಗ್ಲಿಷಿನಲ್ಲಿ ಓದುವುದು. ನಾನು ಓದಿ ಕನ್ನಡದಲ್ಲಿ ಹೇಳುತ್ತಿದ್ದರೆ ಭಾವ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದರು.

ಭಾವನಿಗೆ ಹಿಡಿಸಿದ್ದು ಕೊನೆಯ ಆಟ. ಅದರಲ್ಲಿ ಗ್ರಹಗಳಿಗೆ ಲೆಕ್ಕವಿಲ್ಲ. ಹೋದಷ್ಟೂ ಹೊಸ ನಕ್ಷತ್ರ, ಇಳಿದಲ್ಲೆಲ್ಲ ಯಾರೂ ಇಳಿಯದ ನೆಲ. ಮೊದಲ ಸಲ ಇಳಿದಾಗ ಭಾವ ಕೈಯ ಕೆಲಸ ಬಿಟ್ಟು ಎದ್ದು ಬಂದರು. ನೇರಳೆ ಬಣ್ಣದ ಹುಲ್ಲು ಗಾಳಿಗೆ ಬಾಗುತ್ತಿತ್ತು. ಆಕಾಶದ ಅರ್ಧ ಭಾಗವನ್ನು ಇನ್ನೊಂದು ಗ್ರಹ ತುಂಬಿಕೊಂಡಿತ್ತು. ಬೀದಿಯ ಆಟೋ ಸದ್ದು ಕೂಡ ಕೇಳಿಸದಂತಾಗಿ ನನ್ನ ರೋಮ ನಿಂತದ್ದು ನಿಜ. ಅಷ್ಟು ಹೊತ್ತಿಗೆ ಪರದೆಯ ಮೇಲೆ ಅಪ್ಪಣೆ ಬಂತು: ಕಲ್ಲು ಒಡೆಯಿರಿ. ಇನ್ನೂರು ತುಂಡು ಕಲ್ಲು ಒಡೆದರೆ ಇಂಧನ, ಇಂಧನವಿದ್ದರೆ ಮುಂದಿನ ಗ್ರಹ, ಅಲ್ಲಿ ಮತ್ತೆ ಇನ್ನೂರು ತುಂಡು.

ಎಂಥ ಹೇಸಿಗೆ ಎನ್ನುತ್ತೀರಿ. ಇಡೀ ಬ್ರಹ್ಮಾಂಡವನ್ನು ಮಾಡಿಟ್ಟು, ಅದನ್ನು ನೋಡಲು ಬಂದವನ ಕೈಗೆ ಜಲ್ಲಿ ಕ್ರಷರ್ ಕೊಟ್ಟಿದ್ದಾರೆ. ಇಲ್ಲಿ ನಮ್ಮ ಗುಡ್ಡಗಳನ್ನು ಕೊರೆದವರನ್ನು ನೋಡಿ ನೋಡಿ ಸಾಕಾಗಿದೆ, ಗುಡ್ಡ ಇದ್ದ ಜಾಗದ ನಕ್ಷೆಯಲ್ಲಿ ಹೊಂಡ ಬರೆದ ಕೈ ನನ್ನದು. ಅಷ್ಟು ದೂರ ಹೋಗಿಯೂ ಮನುಷ್ಯನಿಗೆ ಮಾಡಲು ತೋಚಿದ್ದು ಇದೇ ಎಂದರೆ ಅವನು ಹೋಗದೆ ಇರುವುದೇ ಮೇಲು. ಸಿಕ್ಕ ಪ್ರಾಣಿಯ ಕಡೆ ಬೆಳಕು ಬಿಟ್ಟರೆ ಅದರ ಹೆಸರು, ತೂಕ, ಸ್ವಭಾವ ಎಲ್ಲ ಪರದೆಯ ಮೇಲೆ ಬಂದು ಕಾಸು ಸಿಗುತ್ತದೆ. ಅಳುಕಿಲ್ಲ, ಬೆರಗಿಲ್ಲ. ನಾನು ಕಂಟ್ರೋಲರನ್ನು ಭಾವನ ಮೇಜಿನ ಮೇಲೆ ಎಸೆದು ಇನ್ನು ಇದನ್ನು ಮುಟ್ಟುವುದಿಲ್ಲ ಎಂದೆ. ಅವತ್ತಿನಿಂದ ಅವರು ಆಡುವುದು, ನಾನು ಪಕ್ಕದಲ್ಲಿ ಕೂತು ಬೈಯುವುದು ಎಂದಾಯಿತು.

ಅವರು ಆಡುವ ರೀತಿ ವಿಚಿತ್ರವಾಗಿತ್ತು. ಒಂದು ಗ್ರಹದಲ್ಲಿ ಇಳಿಯುವರು, ನಾಲ್ಕು ಕಡೆ ತಿರುಗಿ ನೋಡುವರು, "ಇದಲ್ಲ" ಎಂದು ಹೊರಡುವರು. ವಾರಗಟ್ಟಲೆ ಹೀಗೇ ನಡೆಯಿತು. ಇಂಧನಕ್ಕೆ ಬೇಕಾದಷ್ಟು ಕಲ್ಲು ಒಡೆಯುವರು, ಒಂದು ತುಂಡು ಜಾಸ್ತಿಯಿಲ್ಲ. ಕೊನೆಗೆ ಒಂದು ದಿನ ತಡೆಯಲಾಗದೆ ಕೇಳಿದೆ.

"ಹೆಣ್ಣು ನೋಡಾಕೆ ಓದಂಗೆ ಓಯ್ತಿದ್ದೀರಲ್ಲ ಭಾವ. ಏನ್ ಹುಡುಕ್ತಾ ಇದ್ದೀರಿ?"

"ಕೆಮ್ಮಣ್ಣಿರಬೇಕು. ಮುಂದ್ಗಡೆ ಹೊಳೆ. ಬಲಗಡೆ ಒಂದು ಬೋಳುಗುಡ್ಡ," ಎಂದರು. ನೌಕೆಯನ್ನು ಮುಂದಿನ ನಕ್ಷತ್ರದ ಕಡೆ ತಿರುಗಿಸಿ, "ಈ ಆಟದಲ್ಲಿ ಮೊದ್ಲು ಇಳಿದೋನು ಹೆಸ್ರು ಇಡಬೌದು ಕಣ್ಲಾ," ಎಂದರು.

ಆಗ ನನಗೆ ತಿಳಿಯಿತು. ಭಾವ ಹುಟ್ಟಿದ ಊರು ಎಚ್.ಡಿ. ಕೋಟೆ ತಾಲ್ಲೂಕಿನದು. ಅವರಿಗೆ ಆರೋ ಏಳೋ ವರ್ಷವಾಗಿದ್ದಾಗ ಅಣೆಕಟ್ಟೆಯ ಹಿನ್ನೀರು ಬರುತ್ತದೆಂದು ಊರನ್ನು ಎಬ್ಬಿಸಿದರು. ಮನೆಗಳು ಮುಳುಗಿದವು, ಮೇಲಿನ ಒಂದಷ್ಟು ಜಮೀನು ಉಳಿಯಿತು. ಜಮೀನಿದ್ದು ಜನವಸತಿ ಇಲ್ಲದ ಊರಿಗೆ ಕಂದಾಯದ ದಾಖಲೆಯಲ್ಲಿ ಒಂದು ಪದವಿದೆ: ಬೇಚರಾಕ್. ಊರಿನ ಹೆಸರಿನ ಪಕ್ಕದಲ್ಲಿ ಕಂಸ ಹಾಕಿ ಅದನ್ನು ಬರೆಯುತ್ತೇವೆ. ಹಿಂದಿನವರು ಬರೆದರು, ನಾವೂ ಬರೆಯುತ್ತೇವೆ.

ಕೆಲವು ವರ್ಷದ ಹಿಂದೆ ಭಾವ ಯಾವುದೋ ಕೆಲಸಕ್ಕೆ ತಮ್ಮ ಊರಿನ ದಾಖಲೆ ಬೇಕೆಂದಾಗ ನಾನೇ ಒಂದು ನಕಲು ತಂದುಕೊಟ್ಟಿದ್ದೆ. ಅವರು ಕನ್ನಡಕ ಮೇಲೆ ಮಾಡಿ ಓದಿದರು.

"ಹೆಸರಿನ ಪಕ್ಕ ಅದೇನ್ಲಾ ಬರ್ದವ್ರೆ?"

"ಬೇಚರಾಕ್ ಭಾವ. ಜಮೀನೈತೆ, ಜನ ಇಲ್ಲ ಅಂತ."

"ಜನ ಇಲ್ವಾ? ಅಂಗಾರೆ ನಾನ್ಯಾರು?"

ನಾನು ನಕ್ಕಿದ್ದೆ. ಅವರು ನಗಲಿಲ್ಲ. ಆಮೇಲೆ ಎಷ್ಟೋ ಕಡೆ ನೋಡಿದರಂತೆ, ಹಳೆಯ ನಕ್ಷೆ, ಗ್ರಾಮಗಳ ಪಟ್ಟಿ, ಫೋನಿನ ಮ್ಯಾಪು. ಎಲ್ಲಿ ಆ ಊರಿನ ಹೆಸರಿದೆಯೋ ಅಲ್ಲೆಲ್ಲ ಬಾಲದ ಹಾಗೆ ಆ ಪದವೂ ಇತ್ತು, ಇಲ್ಲದಿದ್ದರೆ ಹೆಸರೇ ಇರಲಿಲ್ಲ.

"ಎಲ್ಲಾದ್ರೂ ಒಂದ್ಕಡೆ ಬರೀ ಹೆಸ್ರು ಇರ್ಬೇಕು ಕಣ್ಲಾ," ಎಂದರು ನಾನು ಕೇಳಿದ ಆ ಮಂಗಳವಾರ ಅಂಗಡಿಯಲ್ಲಿ, ಪರದೆಯಿಂದ ಕಣ್ಣು ತೆಗೆಯದೆ. "ಪಕ್ಕದಲ್ಲಿ ಏನೂ ಇರಬಾರ್ದು. ನಾನು ಅದನ್ನ ಒಂದ್ಸಲ ಓದ್ಬೇಕು. ಆಮೇಲೆ ಈ ಪೆಟ್ಟಿಗೆ ನೀನೇ ಎತ್ಕೊಂಡು ಓಗು."

ಇಷ್ಟು ಕೆಟ್ಟ ಆಟದಿಂದ ಇಷ್ಟು ಸಣ್ಣ ಒಳ್ಳೆಯದನ್ನು ಹಿಂಡಿ ತೆಗೆಯಲು ಒಬ್ಬ ಮನುಷ್ಯ ಕೂತಿದ್ದಾರೆ, ಅದಕ್ಕೂ ಬೈದರೆ ನನ್ನಂಥ ಪಾಪಿ ಇಲ್ಲ ಎನ್ನಿಸಿತು.

ಸಿಕ್ಕಿದ್ದು ಇನ್ನೊಂದು ಮಂಗಳವಾರ. ಅಕ್ಕ ಉಪ್ಸಾರು ಮುದ್ದೆ ಮಾಡಿದ್ದಳು. ತಿಂದು ಬಂದು ಕೂತಿದ್ದೆ, ಕಣ್ಣು ಎಳೆಯುತ್ತಿತ್ತು. ನೌಕೆ ಮೋಡ ಸೀಳಿ ಇಳಿಯಿತು. ಕೆಂಪು ನೆಲ. ಎದುರಿಗೆ ಹೊಳೆ, ಮಣ್ಣು ಕಲಸಿದ ನೀರು. ಭಾವ ನಿಧಾನವಾಗಿ ಬಲಕ್ಕೆ ತಿರುಗಿಸಿದರು. ಗುಡ್ಡ ಇತ್ತು, ಬೋಳು, ತಲೆಯ ಮೇಲೆ ಒಂದು ಬಂಡೆ. ಅವರ ಮಡಿಲಲ್ಲಿದ್ದ ಸ್ಕ್ರೂಡ್ರೈವರ್ ನೆಲಕ್ಕೆ ಬಿತ್ತು. ಅವರು ಎದ್ದು ನಿಂತಿದ್ದರು.

"ಇದೇ ಕಣ್ಲಾ."

"ಸೂರ್ಯ ಎರಡು ಅವೆ ಭಾವ."

"ಇರ್ಲಿ ಬುಡು, ಒಂದು ಜಾಸ್ತಿ."

ಮೂಗಿನ ತುದಿ ಒರೆಸಿಕೊಂಡರು. ಹೆಸರಿಡುವ ಪುಟ ತೆರೆದುಕೊಂಡಿತು. ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು, ಒಂದೊಂದು ಅಕ್ಷರದ ಮೇಲೂ ಬಾಣ ಓಡಿಸಿ ಒತ್ತಬೇಕು. ಭಾವ ಎರಡು ಅಕ್ಷರ ಒತ್ತಿ, ಅಳಿಸಿ, ಕಂಟ್ರೋಲರನ್ನು ನನಗೆ ಕೊಟ್ಟರು.

"ನಿನಗೆ ಬರವಣಿಗೆ ಅಭ್ಯಾಸ ಐತೆ. ನೀನೇ ಬರಿ. ತಪ್ಪಿಲ್ದಂಗೆ ಬರಿ."

ಅದೇ ಹೊತ್ತಿಗೆ ಒಬ್ಬ ಹೆಂಗಸು ಇಸ್ತ್ರಿಪೆಟ್ಟಿಗೆ ತಂದು ಬಾಗಿಲಲ್ಲಿ ನಿಂತಳು. ಭಾವ ಆ ಕಡೆ ಹೋದರು. ಪರದೆಯ ಎಡಭಾಗದಲ್ಲಿ ಗ್ರಹದ ವಿವರ ಇತ್ತು: ಹವೆ ಸಾಧಾರಣ, ಪ್ರಾಣಿ ಇಲ್ಲ, ವಸತಿ ಇಲ್ಲ. ನಾನು ಊರಿನ ಹೆಸರನ್ನು ಎಚ್ಚರಿಕೆಯಿಂದ ಒತ್ತಿದೆ, ದೀರ್ಘಕ್ಕೆ ಎರಡು ಅಕ್ಷರ ಹಾಕಿ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಒಮ್ಮೆ ಬರೆದು ಕೆಡಿಸಿದ್ದು ಸಾಕು. ಹೆಸರು ಮುಗಿಯಿತು. ವಸತಿ ಇಲ್ಲ ಎನ್ನುವ ಸಾಲು ಕಣ್ಣ ಮುಂದೆಯೇ ಇತ್ತು. ನನ್ನ ಬೆರಳು ಕಂಸ ಹಾಕಿತು. ಬೇಚರಾಕ್ ಎಂದು ಬರೆಯಿತು. ಕಂಸ ಮುಚ್ಚಿತು. ಖಚಿತವೇ ಎಂದು ಆಟ ಕೇಳಿತು. ಇಪ್ಪತ್ತು ವರ್ಷದಿಂದ ನಕ್ಷೆಯ ಕೆಳಗೆ ಸಹಿ ಹಾಕುವ ಹಾಗೆಯೇ ಹೌದು ಎಂದು ಒತ್ತಿದೆ.

ವಾದ್ಯ ಮೊಳಗಿತು. ಅಭಿನಂದನೆ ಅನ್ವೇಷಕರೇ, ಈ ಹೆಸರು ಶಾಶ್ವತವಾಗಿ ದಾಖಲಾಗಿದೆ, ಇನ್ನು ಬದಲಿಸಲಾಗದು ಎಂದು ಬಂಗಾರದ ಬಣ್ಣದಲ್ಲಿ ಬಂತು. ನಾನು ಬರೆದದ್ದನ್ನು ಆಗ ಓದಿದೆ.

ಭಾವ ವಾದ್ಯ ಕೇಳಿ ಕೈ ಒರೆಸಿಕೊಳ್ಳುತ್ತಾ ಬಂದರು. ಇಂಗ್ಲಿಷ್ ಅವರಿಗೆ ಕೂಡಿಸಿ ಓದಲು ಬರುತ್ತದೆ. ಪರದೆಯ ಹತ್ತಿರ ಹೋಗಿ ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟು ಓದಿದರು. ಊರಿನ ಹೆಸರು ಓದಿದಾಗ ಅವರ ಮುಖ ಅರಳಿದ್ದನ್ನು ನೋಡಿದೆ. ಬೆರಳು ಕಂಸದ ಹತ್ತಿರ ನಿಂತಿತು. ಮತ್ತೆ ಮುಂದಕ್ಕೆ ಹೋಯಿತು, ಕೊನೆಯ ಅಕ್ಷರದವರೆಗೆ.

"ಭಾವ, ನಾನು..."

"ಸರಿಯಾಗೇ ಬರ್ದಿದ್ದೀಯ ಬುಡು," ಎಂದರು. "ದಾಖಲೆ ಪ್ರಕಾರ."

ಗೋಡೆಯ ಸ್ವಿಚ್ಚು ಆರಿಸಿ, ಪೆಟ್ಟಿಗೆಯ ಮೇಲೆ ಹಳೆಯ ಟವೆಲ್ಲು ಹೊದಿಸಿ, ಇಸ್ತ್ರಿಪೆಟ್ಟಿಗೆ ಬಿಚ್ಚಲು ಕೂತರು. ಬೈದಿದ್ದರೆ ಚೆನ್ನಾಗಿತ್ತು. ಅಂಗಡಿಯಿಂದ ಹೊರಗೆ ಓಡಿಸಿದ್ದರೂ ಚೆನ್ನಾಗಿತ್ತು.

ಅವತ್ತು ಹುಣಸೂರಿನ ಬಸ್ಸಿನಲ್ಲಿ ಕೂತು ನನ್ನ ಬಲಗೈಯನ್ನು ನೋಡಿಕೊಂಡೆ. ಅಸಹ್ಯವಾಯಿತು. ತಿಂಗಳುಗಟ್ಟಲೆ ಆ ಆಟದವರಿಗೆ ಉಗಿದಿದ್ದೆ, ಇಳಿದ ನೆಲದ ಮೇಲೆ ಗೌರವವಿಲ್ಲ ಎಂದು. ನನ್ನ ಕೈ ಅವರ ಬಂದೂಕಿಗಿಂತ ಎಷ್ಟು ಮೇಲು? ನೆನಪಿಗೆ ಬಂದದ್ದು ಒಬ್ಬಳು ಮುದುಕಿ. ಕೆಲಸ ಹಿಡಿದ ಹೊಸದರಲ್ಲಿ ಕಾಡಂಚಿನ ಒಂದು ಬೇಚರಾಕ್ ಊರಿನಲ್ಲಿ ಅಳತೆಗೆ ಹೋಗಿದ್ದೆ. ಅಲ್ಲಿ ಒಂದೇ ಒಂದು ಗುಡಿಸಲಿತ್ತು. ಮುದುಕಿ ನಾಲ್ಕು ಮೇಕೆ ಕಟ್ಟಿಕೊಂಡಿದ್ದಳು. ಬಿಸಿಲಲ್ಲಿ ಬಂದಿದ್ದೀಯ ಮಗ ಎಂದು ಒಂದು ಲೋಟ ಮಜ್ಜಿಗೆ ಕೊಟ್ಟಳು. ಕುಡಿದು, ಬಾಯಿ ಒರೆಸಿಕೊಂಡು, ಅವಳ ಗುಡಿಸಲ ಕಟ್ಟೆಯ ಮೇಲೆಯೇ ಕೂತು, ಹಿಂದಿನ ದಾಖಲೆ ನೋಡಿ ಊರಿನ ಹೆಸರಿನ ಪಕ್ಕ ಬೇಚರಾಕ್ ಎಂದು ಬರೆದುಕೊಂಡು ಬಂದಿದ್ದೆ. ಇಷ್ಟು ವರ್ಷ ಅದು ತಪ್ಪೆಂದು ಹೊಳೆದಿರಲಿಲ್ಲ.

ಆಟ ಮಾಡಿದ ಕಂಪನಿಗೆ ಪತ್ರ ಬರೆದೆ. ಹೆಸರಿನ ಅರ್ಧ ಭಾಗ ತಪ್ಪಾಗಿದೆ, ದಯವಿಟ್ಟು ತೆಗೆಯಿರಿ, ಒಬ್ಬ ಹಿರಿಯರ ಊರಿನ ವಿಷಯ ಎಂದು, ಬಾರದ ಇಂಗ್ಲಿಷಿನಲ್ಲಿ ಒಂದು ಪುಟ. ಮೂರು ನಿಮಿಷದಲ್ಲಿ ಉತ್ತರ ಬಂತು, ಯಂತ್ರದ್ದು. ನಿಮ್ಮ ಉತ್ಸಾಹಕ್ಕೆ ವಂದನೆ, ಹೆಸರುಗಳನ್ನು ಬದಲಿಸುವುದಿಲ್ಲ, ನಮ್ಮ ಸೇವೆಗೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದಿತ್ತು. ಲೆಕ್ಕವಿಲ್ಲದಷ್ಟು ನಕ್ಷತ್ರ ಇಟ್ಟುಕೊಂಡವರು ನನ್ನ ಹತ್ತಿರ ಐದು ಕೇಳುತ್ತಿದ್ದರು. ಫೋನನ್ನು ಲಕ್ಷ್ಮಣತೀರ್ಥ ಹೊಳೆಗೆ ಎಸೆಯಬೇಕೆನ್ನಿಸಿತು.

ಮೂರು ಮಂಗಳವಾರ ಭಾವ ನನ್ನ ಜೊತೆ ಊಟ, ಬಸ್ಸು, ಬಿಸಿಲು ಬಿಟ್ಟು ಬೇರೆ ಮಾತಾಡಲಿಲ್ಲ. ಟವೆಲ್ಲು ಪೆಟ್ಟಿಗೆಯ ಮೇಲೆ ಹಾಗೆಯೇ ಇತ್ತು. ಅಕ್ಕ ಸಾರು ಬಡಿಸುತ್ತಾ ಕಿವಿಯ ಹತ್ತಿರ ಬಂದು, "ಏನ್ಲಾ ಮಾಡ್ದೆ ನಿಮ್ಮ ಭಾವಂಗೆ? ಮನೇಲೂ ಮಾತಿಲ್ಲ," ಎಂದಳು. ಹೇಳಿದೆ. ಅವಳು ಸೌಟು ಹಿಡಿದು ನಿಂತೇ ಇದ್ದಳು. "ಒಂದು ಹೆಸ್ರು ಬರಿಯಾಕೆ ಹೇಳುದ್ರೆ ಅಷ್ಟು ಮಾಡಾಕಾಗ್ಲಿಲ್ವಾ ನಿನ್ಗೆ," ಎಂದು ಒಳಗೆ ಹೋದಳು.

ಅದೇ ವಾರ ಹುಣಸೂರಿನಲ್ಲಿ ನನ್ನ ಅಳತೆ ಸಾಮಾನಿನ ಮರದ ಪೆಟ್ಟಿಗೆಯ ಕೀಲು ಮುರಿಯಿತು. ನಮ್ಮ ಬೀದಿಯ ತುದಿಯಲ್ಲಿ ಒಬ್ಬ ಸಾಬರ ಬಡಗಿ ಅಂಗಡಿ ಇದೆ, ತಂದೆಯ ಕಾಲದಿಂದ ಮರದ ಕೆಲಸದವರು. ಅವರು ಕೀಲು ಹೊಡೆಯುತ್ತಿದ್ದರೆ ನಾನು ಅದರೊಳಗಿಂದ ತೆಗೆದ ಕಾಗದಗಳನ್ನು ಹಿಡಿದುಕೊಂಡು ಕೂತಿದ್ದೆ. ಅವರ ಕಣ್ಣು ಮೇಲಿನ ಹಾಳೆಯ ಮೇಲೆ ಬಿತ್ತು.

"ಏನ್ ಸಾರ್, ಬೇಚರಾಗ್ ಅಂತ ಬರ್ದಿದ್ದೀರಿ? ಎಂಥಾ ಮಾತು ಅದು," ಎಂದರು, ಬಾಯಲ್ಲಿದ್ದ ಮೊಳೆ ತೆಗೆದು.

"ಕಂದಾಯದ ಪದ ಸಾಬ್ರೇ. ಜನ ಇಲ್ಲದ ಊರು ಅಂತ."

"ನಮ್ಮ ಉರ್ದುದು ಸಾರ್ ಅದು. ಚರಾಗ್ ಅಂದ್ರೆ ದೀಪ. ಬೇ ಅಂದ್ರೆ ಇಲ್ಲ. ದೀಪ ಇಲ್ದಿದ್ದು. ನಮ್ಮ ಅಮ್ಮ ಯಾರಿಗಾದ್ರೂ ಶಾಪ ಹಾಕೋವಾಗ ಹೇಳೋಳು, ನಿನ್ನ ಮನೆ ಬೇಚರಾಗ್ ಆಗ್ಲಿ ಅಂತ."

ಇಪ್ಪತ್ತು ವರ್ಷ ಕೈಗೆ ನೋವಾಗುವಷ್ಟು ಸಲ ಬರೆದ ಪದ, ಅರ್ಥ ಏನೆಂದು ಒಮ್ಮೆಯೂ ಕೇಳಿರಲಿಲ್ಲ. ಊರೂರಿಗೆ ಹೋಗಿ ಶಾಪ ಬರೆದು ಸಹಿ ಹಾಕಿ ಬಂದಿದ್ದೇನೆ.

ಮಂಗಳವಾರದವರೆಗೆ ಕಾಯಲಿಲ್ಲ. ಮರುದಿನವೇ ಬಸ್ಸು ಹತ್ತಿ ಭಾವನ ಮುಂದೆ ನಿಂತು ಸಾಬರು ಹೇಳಿದ್ದನ್ನು ಹೇಳಿದೆ. ಕ್ಷಮಿಸಿ ಎನ್ನಲು ಬಂದಿದ್ದೆ, ಅದು ಮಾತ್ರ ಬಾಯಿಗೆ ಬರಲಿಲ್ಲ. ಭಾವ ಬೆಸುಗೆ ಕಡ್ಡಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿದರು.

"ದೀಪ ಇಲ್ಲ ಅಂತಲೋ?"

"ಹೂಂ ಭಾವ."

"ಜನ ಇಲ್ಲ ಅಂತಲ್ಲ."

"ಅಲ್ಲ."

ಅವರು ಎದ್ದು ಟವೆಲ್ಲು ತೆಗೆದರು. ಪೆಟ್ಟಿಗೆ ಚಾಲೂ ಮಾಡಿ ಆ ಗ್ರಹಕ್ಕೆ ಹೋದರು. ಹೊಳೆಯ ಈಚೆ ದಡದಲ್ಲಿ, ಗುಡ್ಡ ಬಲಕ್ಕೆ ಬರುವಂತೆ ನಿಂತು, ಅತ್ತಿತ್ತ ನೋಡಿ ಒಂದು ಜಾಗ ಗೊತ್ತು ಮಾಡಿದರು. ಅದು ಅವರ ಮನೆ ಇದ್ದ ಜಾಗವೇ ಎಂದು ನಾನು ಕೇಳಲಿಲ್ಲ. ಆ ಆಟದಲ್ಲಿ ಮನೆ, ಕಂಬ, ಬೇಲಿ ಏನು ಬೇಕಾದರೂ ಕಟ್ಟಬಹುದು. ಅವರು ಮನೆ ಕಟ್ಟಲಿಲ್ಲ. ಇದ್ದ ಕಲ್ಲನ್ನೆಲ್ಲ ಖರ್ಚು ಮಾಡಿ ಒಂದು ದೀಪ ಮಾಡಿ ನೆಲಕ್ಕೆ ಊರಿದರು. ಹಳದಿ ಬೆಳಕು ಕೆಮ್ಮಣ್ಣಿನ ಮೇಲೆ ಬಿತ್ತು.

"ಈಗ ಓದ್ಲಾ," ಎಂದರು.

ಪರದೆಯ ಮೇಲುಗಡೆ ಹೆಸರಿತ್ತು, ಕಂಸವೂ ಇತ್ತು. ಕೆಳಗೆ ದೀಪ ಉರಿಯುತ್ತಿತ್ತು. ಓದಿದೆ.

"ನಿನ್ನ ದಾಖಲೆ ಸುಳ್ಳಾಯ್ತಲ್ಲ," ಎಂದು ನನ್ನ ಬೆನ್ನಿಗೊಂದು ಗುದ್ದಿದರು. ಮೂರು ವಾರದಲ್ಲಿ ಮೊದಲ ಸಲ ನಕ್ಕರು. ಬರೀ ಹೆಸರು ಓದುವ ಅವರ ಆಸೆ ಇನ್ನು ನೆರವೇರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು, ಆ ಮಾತು ಎತ್ತಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಆ ಆಟದವರನ್ನು ಕ್ಷಮಿಸಿಬಿಡುತ್ತಿದ್ದೆ. ಮುಂದಿನ ಮಂಗಳವಾರ ಹೋಗಿ ನೋಡಿದರೆ ದೀಪ ಆರಿತ್ತು. ಆಡದೆ ಇದ್ದಾಗಲೂ ದೀಪ ಇಂಧನ ತಿನ್ನುತ್ತದಂತೆ. ಉರಿಯಬೇಕೆಂದರೆ ವಾರಕ್ಕೆ ಇನ್ನೂರು ತುಂಡು ಕಲ್ಲು ಒಡೆದು ಹಾಕಬೇಕಂತೆ. ಎಂಥ ದರಿದ್ರ ಬುದ್ಧಿ ನೋಡಿ! ಹಾಳುಬಿದ್ದ ನೆಲದಲ್ಲಿ ಒಬ್ಬ ಮುದುಕ ಒಂದು ದೀಪ ಹಚ್ಚಿದರೆ ಅದಕ್ಕೂ ಗುಡ್ಡ ಒಡೆಸುವವರು ಇವರು. ಕೂಗಾಡಿದೆ. ಭಾವ ಮಿಕ್ಸಿಯ ಬ್ಲೇಡು ತಿರುಗಿಸುತ್ತಾ, ತಮ್ಮ ಹೆಬ್ಬೆರಳಿಗೆ ಈಚೆಗೆ ನೋವು, ಆ ಗುಂಡಿಗಳನ್ನು ಒತ್ತಿ ಹಿಡಿಯಲು ಆಗುವುದಿಲ್ಲ ಎಂದರು.

ಮುಟ್ಟುವುದಿಲ್ಲ ಎಂದಿದ್ದ ಕಂಟ್ರೋಲರನ್ನು ಎತ್ತಿಕೊಂಡೆ. ಈಗ ಪ್ರತಿ ಮಂಗಳವಾರ ಊಟವಾದ ಮೇಲೆ ಅದೇ ನನ್ನ ಕೆಲಸ. ಆ ಬೋಳುಗುಡ್ಡವನ್ನು ಮುಟ್ಟದೆ, ಹೊಳೆಯ ಆಚೆ ದೂರ ನಡೆದು ಹೋಗಿ ಅಲ್ಲಿನ ಬಂಡೆಗಳನ್ನು ಒಡೆಯುತ್ತೇನೆ. ಯಂತ್ರದ ಕರ್ಕಶ ಸದ್ದು, ಧೂಳು, ಎಣಿಕೆ. ಪ್ರತಿ ಸಲವೂ ಥೂ ಎನ್ನುತ್ತೇನೆ. ಇನ್ನೂರು ತುಂಡು ಹೊತ್ತುಕೊಂಡು ವಾಪಸು ಬಂದು ದೀಪದ ಬುಡಕ್ಕೆ ಸುರಿಯುತ್ತೇನೆ. ಭಾವ ಬಾಗಿಲ ಹತ್ತಿರ ಪರದೆಗೆ ಬೆನ್ನು ಹಾಕಿ ಕೂತಿರುತ್ತಾರೆ. ತಿರುಗಿ ನೋಡುವುದಿಲ್ಲ.

"ಉರೀತೈತೇನ್ಲಾ?" ಎನ್ನುತ್ತಾರೆ.

"ಉರೀತೈತೆ ಭಾವ," ಎನ್ನುತ್ತೇನೆ.